ಕದ್ದ ಆಟಕ್ಕೊಂದು ದೂರು

ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಮೀಸೆ ಬಂದ ಅವಳ ತಮ್ಮ. ಅಕ್ಕನ ಕಂಕುಳಲ್ಲಿ ಗೇಮ್ ಕನ್ಸೋಲ್ ಇತ್ತು.

"ನೀನು ನನ್ನ ಕನ್ಸೋಲ್ ಹ್ಯಾಕ್ ಮಾಡಿ ಕದ್ದ ಗೇಮ್ ಹಾಕ್ಕೊಂಡೆ, ಹಾಳಾಗ್ಲಿ. ಕಂಪನಿಗೆ ಯಾಕೋ ಫೋನ್ ಮಾಡಿದೆ?"

"ಗೇಮ್ ಅರ್ಧಕ್ಕೇ ನಿಂತೋಗ್ತಿತ್ತು ಕಣಕ್ಕ. ಕಂಪ್ಲೇಂಟ್ ಕೊಟ್ಟೆ."

"ಕದ್ದ ಮಾಲು ಸರಿಯಿಲ್ಲ ಅಂತ ಮಾಲೀಕರಿಗೇ ದೂರಾ? ಸೀರಿಯಲ್ ನಂಬರೂ ಹೇಳಿದ್ಯಾ?"

"ಕೇಳಿದ್ರು, ಹೇಳಿದೆ."

"ನಿನ್ನ ತಲೇಲೇನು ಸಗಣಿ ಇದ್ಯಾ? ಕನ್ಸೋಲೇ ಬ್ಲಾಕ್ ಆಯ್ತು. ನಾನು ದುಡ್ಡು ಕೊಟ್ಟು ತಗೊಂಡಿದ್ದ ಗೇಮುಗಳೂ ಮಣ್ಣುಪಾಲು!"

"ಆದ್ರೂ ಫೋನಲ್ಲಿ ಆಯಮ್ಮ ಎಷ್ಟು ಮರ್ಯಾದೆಯಾಗಿ ಮಾತಾಡಿದ್ರು ಗೊತ್ತಾ? ಐದಕ್ಕೆ ಐದು ಸ್ಟಾರ್ ಕೊಟ್ಟೆ."

ಅಂಗಡಿಯವನು ಕರೆದ. ಅಕ್ಕ ಕೌಂಟರಿನತ್ತ ನಡೆಯುತ್ತಲೇ ತಿರುಗಿದಳು.

"ನೀನು ಇಲ್ಲೇ ಬಿದ್ದಿರು, ಸತ್ಯವಂತ. ನಾನು ಅಲ್ಲಿ ಸುಳ್ಳು ಹೇಳ್ಬೇಕು."