ಗೇಟಿನಲ್ಲಿ ಚಾಚಿದ ಕೈ

ಮತದಾನ ಮುಗಿದ ಸಂಜೆ ಜೀಪ್ನಿಗೆ, ಅಂದರೆ ಊರಿನ ಬಾಡಿಗೆ ಜೀಪಿಗೆ, ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಚುನಾವಣಾ ವೀಕ್ಷಕರ ಅಂಗಿ ತೊಟ್ಟ ಮುದುಕಿ ಲುದಿವಿನಾ, ಅವಳ ನೆರೆಮನೆಯ ಕಾರಿಂಗ್.

“ಅಕ್ಕಾ, ಮೇಯರ್ ಕಡೆಯ ರೊಮ್ಮೆಲ್ ಶಾಲೆ ಗೇಟಲ್ಲಿ ಪಿಸ್ತೂಲಿನ ಮೇಲೆ ಕೈ ಇಟ್ಕೊಂಡು ನಿಂತಿದ್ನಂತೆ?”

“ನಿಂತಿದ್ದ. ಹನ್ನೊಂದು ಜನ ಓಟು ಹಾಕದೆ ವಾಪಸ್ ಹೋದ್ರು. ನನಗೆ ರೇಗ್ತು. ಹೋಗಿ ಅವನ ಮೂಗಿನ ಮುಂದೆ ಕೈ ಚಾಚಿದೆ.”

“ಅಯ್ಯೋ! ಪಿಸ್ತೂಲು ಕೊಡು ಅಂತಲಾ?”

“ಥೂ, ಅದ್ಯಾರಿಗೆ ಬೇಕು! ಹಿರಿಯರು ಕೈ ಚಾಚಿದ್ರೆ ಬಗ್ಗಿ ಆ ಕೈನ ಹಣೆಗೆ ಒತ್ಕೊಂಡು ಆಶೀರ್ವಾದ ತಗೊಳ್ಳದೆ ಇರೋಕಾಗುತ್ತಾ? ಚರ್ಚಲ್ಲಿ ಜ್ಞಾನಸ್ನಾನದ ದಿನ ಕೂಸಾಗಿದ್ದ ಅವನನ್ನ ಎತ್ಕೊಂಡೋಳೇ ನಾನು. ಪಿಸ್ತೂಲಿನ ಮೇಲಿದ್ದ ಕೈ ತೆಗೆದು ಬಗ್ಗಿದ.”

“ಆಮೇಲೆ?”

“ಸಾಲಲ್ಲಿದ್ದ ಮುದುಕೀರೆಲ್ಲ ಒಬ್ಬೊಬ್ಬರಾಗಿ ಕೈ ಚಾಚಿದ್ರು. ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡ್ತು ಮುಂಡೇದಕ್ಕೆ. ವಾಪಸ್ ಹೋದೋರು ತಮಾಷೆ ನೋಡೋಕೆ ಓಡಿ ಬಂದ್ರು. ಬಂದ ಮೇಲೆ ಓಟೂ ಹಾಕಿದ್ರು.”

“ವರದೀಲಿ ಏನಂತ ಬರೆದೆ?”

ಜೀಪ್ನಿ ಬಂತು. ಲುದಿವಿನಾ ಹತ್ತುತ್ತಲೇ ಹೇಳಿದಳು.

“ಇದ್ದದ್ದನ್ನೇ ಬರೆದೆ ಕಣೇ. ಗೇಟಲ್ಲಿ ಪಿಸ್ತೂಲಿತ್ತು, ಹಿಡಿಯೋ ಕೈಗೆ ಪುರುಸೊತ್ತಿರಲಿಲ್ಲ ಅಂತ.”