ಕಾಲುಚೀಲದ ಮರಿ

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವನು ನಮ್ಮ ಬೆಕ್ಕಿಗೆಂದು ಎರವಲು ತಂದಿದ್ದ ಬುಟ್ಟಿಯನ್ನು ಹಿಂದಿರುಗಿಸಲು ಪಶುವೈದ್ಯರ ಕ್ಲಿನಿಕ್ಕಿಗೆ ಹೋದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅತ್ತೆ, ಸೊಸೆ ಕೂತಿದ್ದರು. ಅವರ ಹೆಣ್ಣುನಾಯಿ ಬಾಯಲ್ಲಿ ಕಾಲುಚೀಲ ಹಿಡಿದು ಮಲಗಿತ್ತು.

"ಗಂಡುನಾಯಿಯ ಮುಖವನ್ನೇ ನೋಡಿಲ್ಲ ಇದು. ಹಾಲು ಎಲ್ಲಿಂದ ಬಂತೇ?"

"ಬೆದೆ ಮುಗಿದ ಮೇಲೆ ಕೆಲವಕ್ಕೆ ಹೀಗಾಗತ್ತೆ ಅಂತ ಹೋದ ವಾರವೇ ಡಾಕ್ಟರು ಹೇಳಿದ್ರಲ್ಲ, ಅತ್ತೆ. ಮರಿ ಹಾಕಿದೀನಿ ಅನ್ನೋ ಭ್ರಮೆ."

"ಅದಕ್ಕೆ ಕಾಲುಚೀಲವೇ ಮರಿಯಾ?"

"ನಿಮ್ಮ ಮಗನದ್ದು. ಮೊಮ್ಮಗ ಅಂದ್ಕೊಳ್ಳಿ."

"ನಿನ್ನ ಬಾಯಿಗೇನೂ ಕಡಿಮೆ ಇಲ್ಲ. ಮೊನ್ನೆಯಿಂದ ಅದು ತಟ್ಟೆ ಮುಟ್ಟಿಲ್ಲ, ಗೊತ್ತಾ?"

"ಮೊಲೆ ಬೇರೆ ಕಲ್ಲಿನ ಹಾಗಾಗಿದೆ. ಕೀವಾದ್ರೆ ಏನು ಗತಿ? ಇಷ್ಟೊತ್ತಿಗೆ ಹಾಲು ಬತ್ತಬೇಕಿತ್ತು."

"ಬತ್ತಲಿ ಅಂತಲೇ ಎರಡು ಹೊತ್ತೂ ಬಿಸಿ ಬಟ್ಟೆ ಒತ್ತಿ ಹಿಂಡ್ತಿದೀನಲ್ಲ."

"ಅಯ್ಯೋ, ಅತ್ತೆ! ಹಿಂಡಿದಷ್ಟೂ ಬರತ್ತೆ. ಮರಿ ಕುಡೀತಿದೆ ಅಂದ್ಕೊಳ್ಳತ್ತೆ ಅದರ ಮೈ."

"ನಿನ್ನ ಬಾಣಂತನದಲ್ಲೂ ಹಾಗೇ ಮಾಡಿದ್ದೆ."

"ನನ್ನ ಮಡಿಲಲ್ಲಿ ಮಗು ಇತ್ತು."

ಅತ್ತೆ ನಾಯಿಯ ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಇನ್ನು ಮುಟ್ಟಲ್ಲ ಬಿಡು. ಈ ಕಾಲುಚೀಲ?"

"ಅದನ್ನೂ ಕಣ್ಣಿಗೆ ಬೀಳದ ಹಾಗೆ ಎತ್ತಿಡಬೇಕಂತೆ."

"ನೀನೇ ತೆಗಿ. ನನ್ನ ಕೈಲಾಗಲ್ಲ."

"ನನಗೆ ಗುರ್ ಅನ್ನತ್ತೆ. ನಿಮಗಾದ್ರೆ ಕೊಡತ್ತೆ."

ಒಳಗಿನಿಂದ ಕರೆದರು. ಅತ್ತೆ ಬಗ್ಗಿ, ನಾಯಿಯ ದವಡೆ ಸವರುತ್ತ ಕಾಲುಚೀಲ ಬಿಡಿಸಿಕೊಂಡು ಬ್ಯಾಗಿಗೆ ಹಾಕಿದರು. ನಾಯಿ ಬೆಂಚಿನ ಕೆಳಗೆಲ್ಲ ಮೂಸಿ ನೋಡಿ, ಅವರ ಹಿಂದೆ ಒಳಗೆ ಹೋಯಿತು.

ನಾನು ಬುಟ್ಟಿಯನ್ನು ಕೌಂಟರಿನ ಮೇಲಿಟ್ಟೆ. ಬೆಕ್ಕಿಗೆಂದು ನನ್ನ ಗಂಡ ಹಾಸಿದ್ದ ತನ್ನ ಟವೆಲ್ಲು ಇನ್ನೂ ಅದರಲ್ಲಿತ್ತು. ತೆಗೆಯಲು ಕೈ ಹಾಕಿದವಳು, ಹಾಗೇ ಬಿಟ್ಟು ಮುಚ್ಚಳ ಹಾಕಿ, ಬುಟ್ಟಿಯನ್ನು ಕೌಂಟರಿನ ಆಚೆಗೆ ಸರಿಸಿದೆ.