ಬಳಸೇ ಇಲ್ಲ

ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಲು ವಾಪಸ್ ಕೊಡುವವರ ಸಾಲು. ನನ್ನ ಮುಂದೆ ಗಂಡ ಹೆಂಡತಿ. ಅವನು ಡ್ರಿಲ್ಲಿಂಗ್ ಮಷೀನಿಗೆ ಮೆತ್ತಿದ್ದ ಗೋಡೆಯ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದ.

“ನಾನು ಹೊಲಿದ ಗೌನನ್ನ ಮದುವೆಗೆ ಹಾಕ್ಕೊಂಡು, ಬಿಗಿಯಾಗುತ್ತೆ ಅಂತ ವಾಪಸ್ ತಂದವಳನ್ನ ನೀವೇ ಕಳ್ಳಿ ಅಂದ್ರಲ್ಲ?”

“ಕಂಕುಳಲ್ಲಿ ಬೆವರಿನ ಕಲೆ ಇತ್ತು ಕಣೇ!”

“ಇದರಲ್ಲಿ ಧೂಳಿದೆ.”

“ಇಷ್ಟು ದೊಡ್ಡ ಅಂಗಡಿ, ಇವರಿಗೇನು ನಷ್ಟ? ನಾಲ್ಕು ತೂತು ಕೊರೆದಿದ್ದಕ್ಕೆ ಇದನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ? ಕಪಾಟು ಹಾಕಿದ್ದು ನಿನ್ನ ಹೊಲಿಗೆ ಅಂಗಡಿಗೇ ತಾನೆ?”

ಅಷ್ಟರಲ್ಲಿ ಅವರ ಸರದಿ ಬಂತು.

“ಕೊಡಿ ಇಲ್ಲಿ, ನೀವು ತಡವರಿಸ್ತೀರಿ. ‘ಬಳಸೇ ಇಲ್ಲ’ ಅಂತ ಆ ಗೌನಿನವಳು ಹೇಗೆ ಹೇಳಿದ್ಳು ಅನ್ನೋದು ನನಗೆ ಚೆನ್ನಾಗಿ ನೆನಪಿದೆ.”

ಮಷೀನು ಕಸಿದುಕೊಂಡು, ನಗುತ್ತಾ ಕೌಂಟರಿಗೆ ಹೋದಳು.